ಬಂದರಿನಲ್ಲಿ ನನ್ನ ಮೇಷ್ಟ್ರುಗಳು

ಕಾಲೇಜುಗಳ ನಡುವಿನ ಫೋಟೊಗ್ರಫಿ ಸ್ಪರ್ಧೆಯೊಂದರಲ್ಲಿ ನನಗೆ ಸಮಾಧಾನಕರ ಬಹುಮಾನ ಬಂದಾಗ ನಾನು ಎರಡನೇ ಬಿ.ಕಾಂ.ನಲ್ಲಿದ್ದೆ. ಕಪ್ಪು ಬಿಳುಪಿನ ಚಿತ್ರ. ಮಂಗಳೂರಿನ ಬಂದರ್‌ನಲ್ಲಿ ಗೋಣಿ ಹೊರುವ ಹಿರಿಯರೊಬ್ಬರ ಮುಖವನ್ನು ತೀರಾ ಹತ್ತಿರದಿಂದ ತೆಗೆದಿದ್ದೆ. ಹಣೆಯ ಬೆವರು, ಉಬ್ಬಿದ ಕತ್ತಿನ ನರ, ಅರ್ಧ ಮುಚ್ಚಿದ ಕಣ್ಣು, ಮೇಲ್ಗಡೆ ಗೋಣಿಯ ಅಂಚು. ಕೆಳಗೆ ಶೀರ್ಷಿಕೆ ‘ಬದುಕಿನ ಭಾರ’. ಆ ಶೀರ್ಷಿಕೆ ಹೊಳೆದ ರಾತ್ರಿ ನನಗೆ ಖುಷಿಯಲ್ಲಿ ನಿದ್ದೆ ಬಂದಿರಲಿಲ್ಲ. ಈಗ ನೆನೆಸಿಕೊಂಡರೆ ಬೇರೆ ಕಾರಣಕ್ಕೆ ನಿದ್ದೆ ಬರುವುದಿಲ್ಲ.

ಪ್ರದರ್ಶನ ನೋಡಲು ಅಪ್ಪನನ್ನು ಕರೆದಿದ್ದೆ. ಅಪ್ಪ ಬಂದರ್‌ನ ಒಂದು ಸಗಟು ಅಂಗಡಿಯ ಗೋಡಾನಿನಲ್ಲಿ ರೈಟರು. ಊಟದ ಬಿಡುವಿನಲ್ಲಿ ಅಂಗಿಯ ಮೇಲೆ ಒಣಮೆಣಸಿನ ಧೂಳು ಹೊತ್ತುಕೊಂಡೇ ಬಂದರು. ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತರು.

‘ಇವರ ಹೆಸರು ಯಾಕೆ ಹಾಕಲಿಲ್ಲ?’

‘ಹೆಸರು ಗೊತ್ತಿಲ್ಲ ಅಪ್ಪ.’

‘ಕೇಳಲಿಲ್ವಾ?’

ನಾನು ಮಾತಾಡಲಿಲ್ಲ. ಅಪ್ಪ ಮತ್ತೊಮ್ಮೆ ನೋಡಿ, ‘ಇವರು ದಿನಾ ನಗಾಡಿಸುವ ಮನುಷ್ಯ ಮಾರಾಯ್ತಿ. ಇದರಲ್ಲಿ ಅಳುವ ಹಾಗೆ ಉಂಟು’ ಎಂದವರೇ ಗೋಡಾನಿಗೆ ಹೊರಟು ಹೋದರು.

ಅಪ್ಪ ಅವರನ್ನು ಇಪ್ಪತ್ತು ವರ್ಷಗಳಿಂದ ಬಲ್ಲರು. ನಾನು ಅವರನ್ನು ನೋಡಿದ್ದು ಒಂದು ಸೆಕೆಂಡಿನ ಐನೂರನೇ ಒಂದು ಭಾಗ, ಅದೂ ರಸ್ತೆಯ ಆಚೆ ಬದಿಯಿಂದ ಜೂಮ್ ಹಾಕಿ.

ಆ ಚಿತ್ರ ತೆಗೆಯಲು ನನಗೆ ಕಲಿಸಿದ್ದು ಯಾರು ಎಂದು ಆಮೇಲೆ ಯೋಚಿಸಿದೆ. ಯಾರೂ ಅಲ್ಲ, ಎಲ್ಲರೂ ಹೌದು. ಇನ್‌ಸ್ಟಾಗ್ರಾಂನಲ್ಲಿ ದಿನಕ್ಕೆ ನೂರು ಚಿತ್ರ ನೋಡುತ್ತಿದ್ದೆ. ಸುಕ್ಕುಗಟ್ಟಿದ ಮುಖ, ಹರಿದ ಅಂಗಿ, ಕಪ್ಪು ಬಿಳುಪು, ಒಂದು ಭಾರವಾದ ಶೀರ್ಷಿಕೆ. ಬಹುಮಾನ ಬರುವ ಚಿತ್ರ ಹೇಗಿರುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಟ್ಯೂಷನ್ ಹೇಳಿ ಕೂಡಿಸಿದ ಹಣದಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾವನ್ನು ಒಂದು ತಿಂಗಳು ಕಪಾಟಿನಲ್ಲಿಟ್ಟೆ. ಆ ತಿಂಗಳಲ್ಲಿ ಮಾಡಿದ್ದು ಒಂದೇ ಕೆಲಸ: ಬೇರೆಯವರ ಚಿತ್ರಗಳನ್ನು ನಿಧಾನವಾಗಿ ನೋಡುವುದು.

ಮೊದಲು ಹೋದದ್ದು ಬಾವುಟಗುಡ್ಡೆಗೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಪಶ್ಚಿಮಕ್ಕೆ ಇಳಿದರೆ ಬಂದರ್, ಪೂರ್ವಕ್ಕೆ ಹಂಪನಕಟ್ಟೆ ದಾಟಿ ಹತ್ತಿದರೆ ಬಾವುಟಗುಡ್ಡೆ. ಅಲ್ಲಿ ಸೇಂಟ್ ಅಲೋಶಿಯಸ್ ಚಾಪೆಲ್ ಇದೆ. ಮಂಗಳೂರಿನವರು ನೆಂಟರನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ, ನಾವು ಮಾತ್ರ ಹೊರಗೆ ಮರದಡಿ ನಿಂತು ಮೊಬೈಲ್ ನೋಡುತ್ತೇವೆ. ನಾನೂ ಶಾಲೆಯಲ್ಲಿದ್ದಾಗ ಒಮ್ಮೆ ನೋಡಿ ಮರೆತಿದ್ದೆ.

ಒಳಗಿನ ಗೋಡೆ, ಮಾಡು, ಕಮಾನು ಎಲ್ಲ ಕಡೆ ಚಿತ್ರವೇ. ಬರೆದದ್ದು ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ. 1899ರಲ್ಲಿ ಮಂಗಳೂರಿಗೆ ಬಂದು ಸುಮಾರು ಎರಡು ವರ್ಷಗಳಲ್ಲಿ ಇಷ್ಟನ್ನು ಮುಗಿಸಿದರಂತೆ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಆಗ ಅವರಿಗೆ ಐವತ್ತೊಂದರ ಆಸುಪಾಸು. ಊರಿಗೆ ಮರಳಲೇ ಇಲ್ಲ.

ಚಾಪೆಲ್ ಒಳಗೆ ಫೋಟೊ ತೆಗೆಯುವಂತಿಲ್ಲ. ಮೊದಲು ಬೇಸರವಾಯಿತು, ಆಮೇಲೆ ಅದೇ ಒಳ್ಳೆಯದಾಯಿತು. ಕ್ಯಾಮೆರಾ ಇದ್ದಿದ್ದರೆ ಹತ್ತು ನಿಮಿಷದಲ್ಲಿ ನಲವತ್ತು ಫ್ರೇಮ್ ಹೊಡೆದು ಹೊರಬರುತ್ತಿದ್ದೆ. ಇಲ್ಲದ್ದರಿಂದ ಬೆಂಚಿನಲ್ಲಿ ಕುಳಿತು ಕತ್ತು ನೋಯುವವರೆಗೆ ಮೇಲೆ ನೋಡಿದೆ. ಮಾಡಿನಲ್ಲಿ ಹೂಮಾಲೆಗಳು ಜೋತುಬಿದ್ದಿವೆ, ಕಂಬದ ಅಂಚುಗಳು ಉಬ್ಬಿ ನಿಂತಿವೆ. ಕೆತ್ತನೆ ಎಂದೇ ನಾನು ನಂಬಿದ್ದೆ. ಅವು ಸಪಾಟು ಬಣ್ಣ. ಪ್ರತಿ ಹೂವಿನ ಒಂದು ಬದಿಗೆ ತಿಳಿ, ಇನ್ನೊಂದು ಬದಿಗೆ ಗಾಢ, ಕೆಳಗೆ ಒಂದು ತೆಳು ನೆರಳು. ಇಷ್ಟರಿಂದಲೇ ಕಣ್ಣು ಮೋಸ ಹೋಗುತ್ತದೆ. ಬೆಳಕು ಒಂದೇ ಕಡೆಯಿಂದ ಬಂದಾಗ ವಸ್ತುವಿಗೆ ದುಂಡಗಿನ ಮೈ ಬರುತ್ತದೆ ಎಂದು ಯೂಟ್ಯೂಬ್ ಪಾಠಗಳಲ್ಲಿ ಹತ್ತಾರು ಸಲ ಕೇಳಿದ್ದೆ. ಅರ್ಥವಾದದ್ದು ಆ ಬೆಂಚಿನಲ್ಲಿ.

ಇನ್ನೊಂದು ವಿಷಯ. ಗೋಡೆಯ ಚಿತ್ರಗಳು ಫ್ರೆಸ್ಕೊ. ಅಂದರೆ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಾಕಬೇಕು. ಸುಣ್ಣ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ತಪ್ಪಾಯಿತೆಂದರೆ ಗಾರೆ ಕೆರೆದು ಮತ್ತೆ ಬಳಿಯಬೇಕು. ಹಾಗಾಗಿ ಚಿತ್ರಕಾರ ಬೆಳಿಗ್ಗೆ ಗಾರೆ ಬಳಿಯುವ ಮೊದಲೇ ಇವತ್ತು ಎಷ್ಟು ಜಾಗ, ಯಾವ ಆಕೃತಿ ಎಂದು ನಿರ್ಧರಿಸಿರುತ್ತಾನೆ. ನನ್ನ ಕ್ಯಾಮೆರಾದ ಕಾರ್ಡಿನಲ್ಲಿ ಎರಡು ಸಾವಿರ ಚಿತ್ರ ಹಿಡಿಯುತ್ತದೆ. ಅಲ್ಲಿಂದ ಬಂದ ಮೇಲೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ. ಒಂದು ಬೆಳಿಗ್ಗೆಗೆ 36 ಚಿತ್ರ, ಹಳೆಯ ಫಿಲ್ಮ್ ರೋಲಿನ ಲೆಕ್ಕ. ಮುಗಿದರೆ ಮನೆಗೆ. ನೀವೂ ಮೊಬೈಲಿನಲ್ಲೇ ಮಾಡಿ ನೋಡಿ. ಇಪ್ಪತ್ತನೇ ಚಿತ್ರದ ಹೊತ್ತಿಗೆ ಬೆರಳು ತಾನಾಗಿ ನಿಧಾನವಾಗುತ್ತದೆ.

ಈ 36ರ ಲೆಕ್ಕದೊಂದಿಗೆ ಮತ್ತೆ ಬಂದರ್‌ಗೆ ಇಳಿದೆ. ನೋಡದವರಿಗಾಗಿ ಎರಡು ಮಾತು. ಫಲ್ಗುಣಿ, ಅಂದರೆ ಗುರುಪುರ ಹೊಳೆ, ನೇತ್ರಾವತಿಯ ಜತೆ ಸೇರಿ ಕಡಲು ಸೇರುವ ಮೊದಲು ಊರಿನ ಪಕ್ಕದಲ್ಲೇ ಹರಿಯುತ್ತದೆ. ಆ ದಡವೇ ಹಳೆ ಬಂದರು. ದೊಡ್ಡ ಹಡಗುಗಳೆಲ್ಲ 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರಿಗೆ ಹೋದವು. ಇಲ್ಲಿ ಉಳಿದದ್ದು ದಕ್ಕೆಯ ಮೀನುಗಾರಿಕೆ ದೋಣಿಗಳು, ಬೆಂಗ್ರೆಗೆ ಜನ ದಾಟಿಸುವ ಫೆರಿ ಮತ್ತು ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು. ಈರುಳ್ಳಿ, ತರಕಾರಿ, ಅಕ್ಕಿ, ಸಿಮೆಂಟು, ಜಲ್ಲಿ, ಒಮ್ಮೊಮ್ಮೆ ಜಾನುವಾರು. ದಡದಿಂದ ಊರೊಳಗೆ ಬಂದರೆ ಜುಮ್ಮಾ ಮಸೀದಿ ರಸ್ತೆ, ಅಜೀಜುದ್ದೀನ್ ರಸ್ತೆ, ಬೀಬಿ ಅಲಾಬಿ ರಸ್ತೆ, ಎಡಬಲ ಹಂಚಿನ ಮಾಡಿನ ಗೋಡಾನುಗಳು. ಬೆಳಿಗ್ಗೆ ಎಂಟಕ್ಕೆ ಹೋದರೆ ಲಾರಿ, ಕೈಗಾಡಿ, ಸ್ಕೂಟರುಗಳ ನಡುವೆ ಕಾಲಿಡಲು ಜಾಗವಿಲ್ಲ. ಭಾನುವಾರ ಮಧ್ಯಾಹ್ನ ಹೋದರೆ ಬೆಕ್ಕುಗಳದ್ದೇ ರಾಜ್ಯ. ಹುಡುಗಿಯೊಬ್ಬಳು ಕ್ಯಾಮೆರಾ ಹಿಡಿದು ನಿಂತರೆ ಎಲ್ಲರೂ ನೋಡುತ್ತಾರೆ ಎಂಬುದು ನಿಜ. ‘ರೈಟರ ಮಗಳು’ ಎಂದು ಗೊತ್ತಾದ ಮೇಲೆ ಚಾ ಬರುತ್ತದೆ ಎಂಬುದೂ ನಿಜ.

ಅಪ್ಪನ ಗೋಡಾನಿನಲ್ಲಿ ನನಗೆ ಸಿಕ್ಕಿದವನು ಕರವಾಜ್ಜೊ. ಇಟಲಿಯ ಈ ಚಿತ್ರಕಾರ 1600ರ ಹೊತ್ತಿಗೆ ರೋಮ್‌ನ ಒಂದು ಚರ್ಚಿಗೆ ‘ಸಂತ ಮತ್ತಾಯನ ಕರೆ’ ಎಂಬ ಚಿತ್ರ ಬರೆದ. ಲೈಬ್ರರಿಯ ಕಂಪ್ಯೂಟರಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದಂತೆ ನಗು ಬಂತು, ಏಕೆಂದರೆ ಅದು ಬಂದರ್‌ನ ಗೋಡಾನೇ. ಒಂದು ಕತ್ತಲ ಕೋಣೆ, ಮೇಜಿನ ಸುತ್ತ ಕುಳಿತು ನಾಣ್ಯ ಎಣಿಸುವ ನಾಲ್ಕೈದು ಜನ, ಬಲಗಡೆಯಿಂದ ಗೋಡೆ ಸವರಿಕೊಂಡು ಓರೆಯಾಗಿ ಬೀಳುವ ಬೆಳಕು. ಆ ಬೆಳಕು ಒಬ್ಬೊಬ್ಬರ ಕೆನ್ನೆ, ಕೈ, ಮೂಗಿನ ತುದಿಯನ್ನು ಮಾತ್ರ ಮುಟ್ಟುತ್ತದೆ. ಉಳಿದದ್ದನ್ನು ಕರವಾಜ್ಜೊ ಕತ್ತಲಿಗೆ ಬಿಟ್ಟಿದ್ದಾನೆ. ಸಂತರ ಚಿತ್ರಕ್ಕೆ ಬೀದಿಯ ಸಾಮಾನ್ಯ ಜನರನ್ನೇ ಮಾದರಿಯಾಗಿ ಕೂರಿಸುತ್ತಿದ್ದ ಎಂದು ಅವನ ಮೇಲೆ ಆಗಿನ ಕೆಲವರಿಗೆ ಸಿಟ್ಟಿತ್ತು.

ನಮ್ಮ ಗೋಡಾನಿನಲ್ಲಿ ಆ ಓರೆ ಬೆಳಕು ಬರುವುದು ಗಾಜಿನ ಹಂಚಿನಿಂದ. ಮಂಗಳೂರು ಹಂಚಿನ ಮಾಡುಗಳಲ್ಲಿ ಅಲ್ಲೊಂದು ಇಲ್ಲೊಂದು ಗಾಜಿನದ್ದನ್ನು ಕೂರಿಸುವುದು ನಿಮಗೆ ಗೊತ್ತೇ ಇದೆ. (ಜೆಪ್ಪಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದನ್ನು ನಾವೆಲ್ಲ ಶಾಲೆಯಲ್ಲಿ ಉರು ಹೊಡೆದಿದ್ದೇವೆ, ಅದು ಫೋಟೊಗ್ರಫಿಗೆ ಉಪಯೋಗಕ್ಕೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.) ಬೆಳಿಗ್ಗೆ ಹತ್ತರಿಂದ ಹನ್ನೊಂದರ ನಡುವೆ ಒಂದು ಬಿಸಿಲುಕೋಲು ನೇರ ಅಪ್ಪನ ಮೇಜಿನ ಮೇಲೆ ಬೀಳುತ್ತದೆ. ಗೋಣಿ ಇಳಿಸಿದಾಗ ಏಳುವ ಧೂಳಿನಿಂದ ಆ ಕೋಲು ಕಣ್ಣಿಗೆ ಕಾಣುತ್ತದೆ. ಮೆಣಸಿನ ಗೋಣಿಯಾದರೆ ಮೂರು ಸೀನಿನ ದಂಡ ತೆರಬೇಕು, ಕ್ಯಾಮೆರಾ ಅಲ್ಲಾಡಿ ಚಿತ್ರ ಮಸುಕಾಗುತ್ತದೆ.

ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕತ್ತಲ ಗೋಡಾನನ್ನು ಬೆಳಗಿಸಲು ಹೋಗಿ ಬಿಸಿಲು ಬಿದ್ದ ಕೈಯನ್ನು ಬಿಳಿ ಕಾಗದ ಮಾಡಿಬಿಡುತ್ತದೆ. ಹಾಗಾಗಿ ಬೆಳಕು ಬಿದ್ದ ಜಾಗಕ್ಕೆ ಅಳತೆ ಹಿಡಿದು, ಉಳಿದದ್ದನ್ನು ಕಪ್ಪಾಗಲು ಬಿಡಬೇಕು. ಮೊಬೈಲಿನಲ್ಲಾದರೆ ಬೆಳಗಿದ ಭಾಗದ ಮೇಲೆ ಬೆರಳೊತ್ತಿ ಹಿಡಿದು, ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಕಸ, ಕ್ಯಾಲೆಂಡರ್, ನೇತಾಡುವ ವೈರು ಎಲ್ಲ ಕತ್ತಲಿಗೆ ಹೋಗುತ್ತವೆ. ಫಿಲ್ಟರ್ ಬೇಡವೇ ಬೇಡ.

ಕರವಾಜ್ಜೊನಿಂದ ಬೆಳಕು ಕಲಿತೆ ಎಂದೇನೋ ಹೇಳಬಹುದು. ಆದರೆ ಮುಖದ ಪ್ರಶ್ನೆ ಹಾಗೇ ಇತ್ತು. ಅಳುವ ಹಾಗೆ ಉಂಟು ಎಂಬ ಅಪ್ಪನ ಮಾತು.

ಅದಕ್ಕೆ ದಾರಿ ತೋರಿದ್ದು ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಸತ್ಯನ್ ನಮ್ಮ ದೇಶದ ಮೊದಲ ಸಾಲಿನ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಆತ್ಮಕಥೆ ‘ಅಲೈವ್ ಅಂಡ್ ಕ್ಲಿಕಿಂಗ್’ ನನಗೆ ಒಬ್ಬ ಸೀನಿಯರ್‌ ಕೊಟ್ಟದ್ದು. ಹಿಂದಿರುಗಿಸಿಲ್ಲ, ಈ ಲೇಖನ ಓದಿದರೆ ಕ್ಷಮಿಸಲಿ. ಯುನಿಸೆಫ್‌ಗಾಗಿ ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳಲ್ಲಿ ಬಡವರೇ ಹೆಚ್ಚು. ಆದರೆ ಸತ್ಯನ್‌ರ ಚಿತ್ರದಲ್ಲಿ ಮಗು ಆಡುತ್ತಿರುತ್ತದೆ, ತಮ್ಮನನ್ನು ಎತ್ತಿಕೊಂಡಿರುತ್ತದೆ, ಏನನ್ನೋ ನೋಡಿ ಬೆರಗಾಗಿರುತ್ತದೆ. ಅದಕ್ಕೆ ಅದರದ್ದೇ ಕೆಲಸವಿದೆ, ನಮ್ಮ ಕನಿಕರಕ್ಕಾಗಿ ಅದು ಕಾದು ಕುಳಿತಿಲ್ಲ. ಚಿತ್ರ ನೋಡಿದರೆ ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರಕ್ಕೆ ಇಳಿದಿರುವುದು ಎಷ್ಟೋ ಕಡೆ ಗೊತ್ತಾಗುತ್ತದೆ. ರಸ್ತೆಯ ಆಚೆಯಿಂದ ಜೂಮ್ ಹಾಕಿದರೆ ಅಂಥ ಚಿತ್ರ ಸಿಗುವುದಿಲ್ಲ. ಹತ್ತಿರ ಹೋಗಬೇಕು, ಹತ್ತಿರ ಹೋದರೆ ಮಾತಾಡಲೇಬೇಕು.

ನಾನು ಜೂಮ್ ಲೆನ್ಸ್ ಮಾರಿ 50 ಎಂಎಂನ ಒಂದು ಅಗ್ಗದ ಲೆನ್ಸ್ ಕೊಂಡೆ. ಅದರಲ್ಲಿ ಮುಖ ದೊಡ್ಡದಾಗಿ ಬೇಕಾದರೆ ನಾಲ್ಕೈದು ಅಡಿ ದೂರಕ್ಕೆ ಬರಬೇಕು. ನಾಚಿಕೆ ಬಿಡಿಸಲು ಇದಕ್ಕಿಂತ ಕಡಿಮೆ ಖರ್ಚಿನ ಔಷಧ ಇಲ್ಲ.

ಇದೇ ಸಮಯಕ್ಕೆ ನನ್ನನ್ನು ಕಾಡಿದ ಇನ್ನೊಬ್ಬರು ಬ್ರೆಜಿಲ್‌ನ ಸೆಬಾಸ್ಟಿಯೊ ಸಲ್ಗಾಡೊ (1944–2025). ಅರ್ಥಶಾಸ್ತ್ರ ಓದಿ, ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಕೆಲಸದಲ್ಲಿದ್ದವರು 1973ರಲ್ಲಿ ಅದನ್ನು ಬಿಟ್ಟು ಛಾಯಾಗ್ರಾಹಕರಾದರು. ಕಾಮರ್ಸ್ ಓದಿ ಕ್ಯಾಮೆರಾ ಹಿಡಿದವರಿಗೆಲ್ಲ ಈ ವಾಕ್ಯ ಅಮೃತದಂತೆ, ನಾನು ಮನೆಯಲ್ಲಿ ಹತ್ತು ಸಲ ಹೇಳಿದ್ದೇನೆ. ಅಪ್ಪ ಪ್ರತಿ ಸಲವೂ, ‘ಅವರು ಮೊದಲು ಕೆಲಸ ಹಿಡಿದಿದ್ದರಲ್ಲ’ ಎನ್ನುತ್ತಾರೆ. ಸೆರ್ರಾ ಪೆಲಾಡಾ ಎಂಬ ಚಿನ್ನದ ಗಣಿಯಲ್ಲಿ 1986ರಲ್ಲಿ ಸಲ್ಗಾಡೊ ತೆಗೆದ ಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ. ಒಂದು ದೈತ್ಯ ಗುಂಡಿ, ಅದರ ಗೋಡೆಗೆ ಒರಗಿಸಿದ ಏಣಿಗಳು, ಬೆನ್ನ ಮೇಲೆ ಮಣ್ಣಿನ ಚೀಲ ಹೊತ್ತು ಇರುವೆಗಳ ಹಾಗೆ ಹತ್ತುವ ಸಾವಿರಾರು ಜನ. ಮೈ ಜುಂ ಎನ್ನುತ್ತದೆ. ಹೊರೆಯನ್ನು ಹೀಗೆ ತೆಗೆಯಬೇಕು ಎಂದುಕೊಂಡೆ.

ಆದರೆ ಅವರ ಬಗ್ಗೆ ಓದುತ್ತಾ ಹೋದಾಗ ಸೂಸನ್ ಸೊಂಟಾಗ್ ಎಂಬ ಅಮೆರಿಕದ ಲೇಖಕಿ ಎತ್ತಿದ ಆಕ್ಷೇಪ ಸಿಕ್ಕಿತು. ವಲಸಿಗರನ್ನು ಕುರಿತ ಸಲ್ಗಾಡೊ ಚಿತ್ರಗಳ ಅಡಿಬರಹದಲ್ಲಿ ಆ ಜನರ ಹೆಸರೇ ಇಲ್ಲವಲ್ಲ ಎಂದು 2003ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಕೇಳಿದ್ದರು. ಹೆಸರುವಾಸಿಗಳ ಚಿತ್ರದ ಕೆಳಗೆ ಹೆಸರಿರುತ್ತದೆ, ಉಳಿದವರು ಕೆಲಸದ ಹೆಸರಿನಲ್ಲೋ ಕಷ್ಟದ ಹೆಸರಿನಲ್ಲೋ ಕರಗಿಹೋಗುತ್ತಾರೆ ಎಂಬುದು ಅವರ ವಾದದ ಸಾರ. ಅದನ್ನು ಓದಿ ಪುಟ ಮುಚ್ಚಿದೆ. ಇದೇ ಪ್ರಶ್ನೆಯನ್ನು ಮೆಣಸಿನ ಧೂಳಿನ ಅಂಗಿ ತೊಟ್ಟವರೊಬ್ಬರು ನನಗೆ ಆಗಲೇ ಕೇಳಿಯಾಗಿತ್ತು.

ಸಲ್ಗಾಡೊ ಪರವಾಗಿಯೂ ಮಾತಾಡಬಹುದು. ಸಾವಿರಾರು ಜನರ ಹೆಸರು ಬರೆಯುವುದು ಹೇಗೆ? ಆದರೆ ನನ್ನ ಚಿತ್ರದಲ್ಲಿ ಇದ್ದದ್ದು ಒಬ್ಬರು.

ಒಂದು ಶನಿವಾರ ಅಪ್ಪನ ಜತೆಗೇ ಹೋಗಿ ಅವರನ್ನು ಭೇಟಿಯಾದೆ. ಬಹುಮಾನದ ಚಿತ್ರದ ಒಂದು ಪ್ರಿಂಟ್ ಕೈಯಲ್ಲಿತ್ತು. ಅವರು ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ‘ಇದೆಂತ, ನನಗೆ ಹೊಟ್ಟೆನೋವು ಬಂದ ದಿನ ತೆಗೆದದ್ದಾ?’ ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಕಿವಿ ಬಿಸಿಯಾಗಿತ್ತು. ಶೀರ್ಷಿಕೆ ಏನು ಎಂದು ಕೇಳಿದರು. ಹೇಳಿದೆ. ‘ಭಾರ ಅಂತೂ ಹೌದು, ಐವತ್ತು ಕಿಲೋ’ ಎಂದರು. ಆಮೇಲೆ ಅದೇ ಐವತ್ತು ಕಿಲೋದ ಬಗ್ಗೆ ಅರ್ಧ ಗಂಟೆ ಪಾಠ. ಗೋಣಿಯನ್ನು ತಲೆಯ ನಡುಮಧ್ಯಕ್ಕೆ ಇಡಬಾರದು, ಕುತ್ತಿಗೆಗೂ ಹೆಗಲಿಗೂ ಹಂಚಿ ಕೂರಬೇಕು. ಸಿಂಬಿ ಸುತ್ತುವ ಬಟ್ಟೆ ಸ್ವಲ್ಪ ಒದ್ದೆ ಇದ್ದರೆ ಜಾರುವುದಿಲ್ಲ. ಹಲಗೆಯ ಮೇಲೆ ನಡೆಯುವಾಗ ಕೆಳಗೆ ನೋಡಬಾರದು, ಮಂಜಿಯ ಅಂಚನ್ನು ನೋಡಬೇಕು. ಹಲಗೆ ಬಾಗಿ ಮೇಲೇಳುವ ತಾಳಕ್ಕೆ ಹೆಜ್ಜೆ ಕೂಡಿಸಬೇಕು, ತಪ್ಪಿದರೆ ಹೊಳೆಗೆ. ಇಷ್ಟು ವರ್ಷಗಳಲ್ಲಿ ಅವರು ಬಿದ್ದದ್ದು ಎರಡು ಸಲ. ಎರಡೂ ಸಲ ಗೋಣಿಯನ್ನು ಮೊದಲು ಮಂಜಿಗೆ ಎಸೆದೇ ಬಿದ್ದರಂತೆ. ಇದು ಸುಳ್ಳು ಎಂದು ಪಕ್ಕದವರು ಹೇಳಿದರು.

ನನ್ನ ಹಳೆಯ ಚಿತ್ರದಲ್ಲಿ ಈ ವಿದ್ಯೆಯ ಒಂದು ಎಳೆಯೂ ಇರಲಿಲ್ಲ. ಮುಖವನ್ನಷ್ಟೇ ಕತ್ತರಿಸಿ ತೆಗೆದ ನಾನು ಕಾಲು, ಹಲಗೆ, ನೀರು, ಮಂಜಿ ಎಲ್ಲವನ್ನೂ ಹೊರಗಿಟ್ಟಿದ್ದೆ. ಅವರ ಕೆಲಸವನ್ನೇ ಹೊರಗಿಟ್ಟು ಕಷ್ಟವನ್ನು ಮಾತ್ರ ಉಳಿಸಿಕೊಂಡಿದ್ದೆ.

ಹಲಗೆಯ ಮೇಲಿನ ನಡಿಗೆಯನ್ನು ತೆಗೆಯುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದಾಗ ನೆರವಿಗೆ ಬಂದದ್ದು ನಮ್ಮದೇ ಕರಾವಳಿಯ ಕೆ.ಕೆ. ಹೆಬ್ಬಾರ್. ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಹುಟ್ಟಿದ್ದು 1911ರಲ್ಲಿ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಪಾಠ ಹೇಳಿದರು, ಪ್ಯಾರಿಸ್‌ನಲ್ಲೂ ಓದಿದರು, 1996ರಲ್ಲಿ ತೀರಿಕೊಂಡರು. ಅವರ ದೊಡ್ಡ ವರ್ಣಚಿತ್ರಗಳು ಎಲ್ಲರಿಗೂ ಗೊತ್ತು. ನಾನು ಮರುಳಾದದ್ದು ರೇಖಾಚಿತ್ರಗಳಿಗೆ. ‘ದಿ ಸಿಂಗಿಂಗ್ ಲೈನ್’, ಅಂದರೆ ಹಾಡುವ ರೇಖೆ, ಎಂದೇ ಆ ಪುಸ್ತಕದ ಹೆಸರು. ನರ್ತಕಿಯೋ ವಾದ್ಯಗಾರನೋ ದುಡಿಯುವವನೋ, ನಾಲ್ಕಾರು ಗೆರೆಗಳಲ್ಲಿ ಮುಗಿದುಹೋಗಿರುತ್ತದೆ. ಮುಖದಲ್ಲಿ ಕಣ್ಣು ಮೂಗು ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಆದರೂ ಮೈಯ ಭಾರ ಯಾವ ಕಾಲಿನ ಮೇಲಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ನೃತ್ಯದ ಚಲನೆ ಅರ್ಥವಾಗಬೇಕೆಂದು ಹೆಬ್ಬಾರರು ಕಥಕ್ ಕಲಿತವರು. ಹೊರಗೆ ನಿಂತು ನೋಡಿದ್ದು ಅವರಿಗೆ ಸಾಲಲಿಲ್ಲ.

ಉಡುಪಿ ಬಸ್ ಹತ್ತಿದರೆ ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಉಂಟು, ಬೆಂಗಳೂರಿನವರಿಗೆ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಕೃತಿಗಳ ಸಂಗ್ರಹವಿದೆ. ಪರೀಕ್ಷೆ ಬರೆಯಲು ಊರೂರು ಅಲೆಯುವ ನಾವು ಒಂದು ಮಧ್ಯಾಹ್ನ ಇಂಥಲ್ಲಿ ಕಳೆದರೆ ನಷ್ಟವೇನಿಲ್ಲ.

ಗೆರೆ ಮಾತ್ರ ಉಳಿಯಬೇಕಾದರೆ ಫೋಟೊದಲ್ಲಿ ಏನು ಮಾಡಬೇಕು? ಬಂದರ್‌ನಲ್ಲಿ ಅದಕ್ಕೊಂದು ಅನುಕೂಲ ಇದೆ. ಹೊಳೆ ಪಶ್ಚಿಮಕ್ಕಿದೆ. ಸಂಜೆ ಬೆಂಗ್ರೆಯ ತೆಂಗಿನ ಮರಗಳ ಹಿಂದೆ ಸೂರ್ಯ ಇಳಿಯುವಾಗ ಆಕಾಶಕ್ಕೆ ಅಳತೆ ಹಿಡಿದರೆ ಮುಂದಿರುವುದೆಲ್ಲ ಕಪ್ಪು ಆಕೃತಿ. ಮುಖದ ಸುಕ್ಕು ಇಲ್ಲ, ಹರಿದ ಅಂಗಿ ಇಲ್ಲ, ಮೈಯ ಗೆರೆ ಮಾತ್ರ. ಸುಲಭ ಎಂದುಕೊಂಡಿದ್ದೆ. ಮೊದಲ ಸಂಜೆಯ 36ರಲ್ಲಿ ಒಂದೂ ಆಗಲಿಲ್ಲ. ಒಂದರಲ್ಲಿ ಮಂಜಿಯ ಕೊಂಬೆಮರ ಸರಿಯಾಗಿ ತಲೆಯಿಂದ ಮೊಳೆತಂತಿತ್ತು. ಇನ್ನೊಂದರಲ್ಲಿ ಎರಡು ಕಾಲೂ ಕೂಡಿಕೊಂಡು ಕಂಬವಾಗಿತ್ತು. ಮತ್ತೊಂದರಲ್ಲಿ ತಲೆ ಮತ್ತು ಗೋಣಿ ಒಂದೇ ಮುದ್ದೆ. ಚಿತ್ರಕಾರ ಬೇಡದ ಗೆರೆಯನ್ನು ಬರೆಯದೆ ಬಿಡುತ್ತಾನೆ. ನಾವು ಅದು ತಾನಾಗಿ ಸರಿಯುವವರೆಗೆ ಕಾಯಬೇಕು, ಅಥವಾ ಎರಡು ಹೆಜ್ಜೆ ಎಡಕ್ಕೆ ಸರಿಯಬೇಕು. ಎರಡು ಹೆಜ್ಜೆ ಎಡಕ್ಕೆ ಮೀನಿನ ಬುಟ್ಟಿಯಿತ್ತು, ಆ ಕಥೆ ಬೇಡ.

ಫ್ರಾನ್ಸ್‌ನ ಹೆನ್ರಿ ಕಾರ್ತಿಯೆ-ಬ್ರೆಸ್ಸೊಂ ನೆನಪಾಗುವುದು ಇಲ್ಲೇ. ಅವರು ಮೊದಲು ಆಂದ್ರೆ ಲೋತ್ ಎಂಬ ಚಿತ್ರಕಾರರ ಬಳಿ ಚಿತ್ರಕಲೆ ಕಲಿತವರು, ಜಗತ್ತು ಸುತ್ತಿ ಹೆಸರು ಮಾಡಿದ ಮೇಲೆ ಕ್ಯಾಮೆರಾ ಬದಿಗಿಟ್ಟು ಮತ್ತೆ ಪೆನ್ಸಿಲ್ ಹಿಡಿದವರು. ಅವರ 1932ರ ಒಂದು ಪ್ರಸಿದ್ಧ ಚಿತ್ರದಲ್ಲಿ ಸುತ್ತು ಮೆಟ್ಟಿಲಿನ ಕೆಳಗೆ ಬೀದಿಯಲ್ಲಿ ಒಬ್ಬ ಸೈಕಲ್‌ನಲ್ಲಿ ಹಾದುಹೋಗುತ್ತಾನೆ. ಮೆಟ್ಟಿಲಿನ ಸುರುಳಿ ಮೊದಲೇ ಅಲ್ಲಿತ್ತು, ಸೈಕಲ್ ಬರುವುದಷ್ಟೇ ಬಾಕಿ ಎಂದು ಚಿತ್ರವೇ ಹೇಳುತ್ತದೆ. ನಾನೂ ಹಲಗೆಯ ಓರೆ ಗೆರೆ, ಮಂಜಿಯ ಅಂಚು, ನೀರಿನ ಹೊಳಪು ಇಷ್ಟನ್ನು ಮೊದಲು ಚೌಕಟ್ಟಿಗೆ ಕೂರಿಸಿ ನಿಂತೆ. ನಾಲ್ಕನೇ ಸಂಜೆ, ಇಪ್ಪತ್ತೇಳನೇ ಫ್ರೇಮಿನಲ್ಲಿ ಅವರು ಬಂದರು. ಹಲಗೆ ಬಾಗಿದೆ, ಒಂದು ಕಾಲು ಮುಂದೆ ಚಾಚಿದೆ, ಗೋಣಿಗೂ ತಲೆಗೂ ನಡುವೆ ಆಕಾಶದ ಒಂದು ಸೀಳು. ಮೇಲೆತ್ತಿದ ಎಡಗೈ ಗೋಣಿಯನ್ನು ಹಿಡಿದಿದೆಯೋ ಸುಮ್ಮನೆ ಮುಟ್ಟಿದೆಯೋ ತಿಳಿಯದಷ್ಟು ಹಗುರ.

ಈ ಚಿತ್ರವನ್ನು ಯಾವ ಸ್ಪರ್ಧೆಗೂ ಕಳಿಸಿಲ್ಲ. ಒಂದು ಪ್ರಿಂಟ್ ಮಾಡಿಸಿ, ಕೆಳಗೆ ಅವರ ಪೂರ್ತಿ ಹೆಸರು ಬರೆದು ಕೊಟ್ಟೆ. ಅವರ ಮನೆಯ ಗೋಡೆಯಲ್ಲಿ ಮಗಳ ಮದುವೆಯ ಫೋಟೊದ ಪಕ್ಕ ಅದು ನೇತಾಡುತ್ತಿದೆಯಂತೆ. ಮುಖವೇ ಕಾಣದ ಚಿತ್ರದಲ್ಲಿ ಇದು ನಾನೇ ಎಂದು ಬಂದವರಿಗೆಲ್ಲ ತೋರಿಸುತ್ತಾರಂತೆ, ಕಾಲು ನೋಡಿದರೆ ಗೊತ್ತಾಗುವುದಿಲ್ಲವಾ ಎನ್ನುತ್ತಾರಂತೆ. ಈ ಲೇಖನದಲ್ಲಿ ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ, ‘ಪೇಪರಿಗೆ ಬೇಡ. ಆಮೇಲೆ ಎಲ್ಲರೂ ಪಾರ್ಟಿ ಕೇಳ್ತಾರೆ’ ಎಂದರು. ಹಾಗಾಗಿ ಹಾಕಿಲ್ಲ. ಈ ಸಲ ಕೇಳಿ ಬಿಟ್ಟದ್ದು.

ಕೆಲಸದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಪುಟ ಓದುವ ನಿಮ್ಮಲ್ಲಿ ಅರ್ಧ ಜನ ಅದನ್ನೇ ಯೋಚಿಸುತ್ತಿರುತ್ತೀರಿ. ಪದವಿ ಮುಗಿದಿದೆ. ಮದುವೆ ಫೋಟೊ ತೆಗೆಯುವ ತಂಡದ ಜತೆ ಎರಡು ಸೀಸನ್ ಹೋಗಿದ್ದೇನೆ, ದುಡ್ಡು ಬರುತ್ತದೆ, ಬೆನ್ನು ಹೋಗುತ್ತದೆ. ಹಗಲು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಷ್ಟೊಂದು ಬ್ಯಾಂಕುಗಳಿಗೆ ತೊಟ್ಟಿಲಾದ ಜಿಲ್ಲೆಯಲ್ಲಿ ಹುಟ್ಟಿ ಐಬಿಪಿಎಸ್ ಬರೆಯದಿದ್ದರೆ ನೆಂಟರು ಬಿಡುವುದಿಲ್ಲ. ಫೋಟೊಗ್ರಫಿಯಲ್ಲಿ ಬದುಕುತ್ತೇನೋ, ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಭಾನುವಾರ ಬಂದರ್‌ಗೆ ಇಳಿಯುತ್ತೇನೋ ನನಗಿನ್ನೂ ಗೊತ್ತಿಲ್ಲ. ಅಪ್ಪನ ಪ್ರಕಾರ ಇದರಲ್ಲಿ ಗೊತ್ತಾಗುವಂಥದ್ದೇನೂ ಇಲ್ಲ, ಮೊದಲು ಪರೀಕ್ಷೆ ಬರೆಯಬೇಕು.

ಈಗ ಅಪ್ಪನ ಬಗ್ಗೆ. ಮೇಷ್ಟ್ರುಗಳ ಪಟ್ಟಿ ಹುಡುಕುತ್ತಾ ರೋಮ್, ಬ್ರೆಜಿಲ್‌ವರೆಗೆ ಹೋದ ನಾನು ಒಂದನ್ನು ನೋಡಿಯೇ ಇರಲಿಲ್ಲ. ದ್ವೀಪಕ್ಕೆ ಹೋಗುವ ಗೋಣಿಗಳ ಮೇಲೆ ಯಾವ ದ್ವೀಪ, ಯಾರ ಅಂಗಡಿ ಎಂದು ಗುರುತು ಬರೆಯುವುದು ಅಪ್ಪನ ಕೆಲಸ. ಕವರತ್ತಿ, ಆಂದ್ರೋತ್, ಕಲ್ಪೇನಿ, ಅಮಿನಿ. ತಗಡಿನ ಅಚ್ಚು ಇದೆ, ಅಪ್ಪ ಅದನ್ನು ಬಳಸುವುದಿಲ್ಲ, ಸಮಯ ವ್ಯರ್ಥ ಎನ್ನುತ್ತಾರೆ. ಒಂದು ಸವೆದ ಕುಂಚ, ಡಬ್ಬಿಯಲ್ಲಿ ಕಪ್ಪು ಬಣ್ಣ. ಅಲ್ಲಿನವರು ಓದುವುದು ಮಲಯಾಳ ಅಕ್ಷರ. ಕನ್ನಡ ಶಾಲೆಯಲ್ಲಿ ಏಳರವರೆಗೆ ಓದಿದ ಅಪ್ಪನಿಗೆ ಮಲಯಾಳ ಓದಲು ಬರುವುದಿಲ್ಲ, ಬರೆಯಲು ಬರುತ್ತದೆ. ಅವರಿಗೆ ಅದು ಅಕ್ಷರವಲ್ಲ, ಚಿತ್ರ. ಕುಂಚವನ್ನು ಗೋಣಿಗೆ ಮುಟ್ಟಿಸಿದರೆ ಅಕ್ಷರ ಮುಗಿಯುವವರೆಗೆ ಎತ್ತುವುದಿಲ್ಲ. ಸೆಣಬು ಬಣ್ಣ ಕುಡಿಯುವುದರಿಂದ ನಿಧಾನ ಮಾಡಿದರೆ ಹರಡುತ್ತದೆ, ಬೇಗ ಮಾಡಿದರೆ ಹರಿಯುತ್ತದೆ. ತಿದ್ದಲು ಆಗುವುದಿಲ್ಲ. ಬಾವುಟಗುಡ್ಡೆಯ ಹಸಿ ಗಾರೆಯ ಮುಂದೆ ಬೆರಗಾಗಿ ಕುಳಿತಿದ್ದವಳು ನಾನು.

ಅಪ್ಪನಿಗೆ ಫೋಟೊ ಎಂದರೆ ಆಗುವುದಿಲ್ಲ. ಆಧಾರ್ ಕಾರ್ಡಿನಲ್ಲೂ ಬೇರೆ ಕಡೆ ನೋಡುತ್ತಿದ್ದಾರೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಹತ್ತೂವರೆಗೆ, ಗಾಜಿನ ಹಂಚಿನ ಬಿಸಿಲು ಮೇಜಿನಿಂದ ಸರಿದು ಗೋಣಿಯ ಮೇಲೆ ಬಂದ ಹೊತ್ತಿಗೆ, ‘ಅಪ್ಪ, ತೆಗೆಯಲಾ?’ ಎಂದು ಕೇಳಿದೆ. ಬಗ್ಗಿದವರು ತಲೆ ಎತ್ತದೆ, ‘ಬೇಗ’ ಎಂದರು. ನಾಲ್ಕಡಿ ದೂರ, ಕೆಳಗೆ ಕುಕ್ಕರಗಾಲಲ್ಲಿ ಕುಳಿತು ಮೂರು ಚಿತ್ರ ತೆಗೆದೆ. ಕೈಗೆ, ಕುಂಚಕ್ಕೆ, ಅರ್ಧ ಕೆನ್ನೆಗೆ ಬೆಳಕು. ಉಳಿದದ್ದು ಕತ್ತಲೆ.

ಬಣ್ಣದ ಕೈ ಒರೆಸಿಕೊಂಡು ಬಂದು ಕ್ಯಾಮೆರಾದ ಪರದೆ ನೋಡಿದರು. ಮುಖದ ಕಡೆ ನೋಡಲೇ ಇಲ್ಲ. ದೊಡ್ಡದು ಮಾಡು, ಇನ್ನೂ ದೊಡ್ಡದು ಮಾಡು ಎಂದರು. ಗೋಣಿಯ ಮೇಲಿನ ಅಕ್ಷರ ಪರದೆ ತುಂಬ ಬಂದಾಗ ಕನ್ನಡಕ ಸರಿ ಮಾಡಿಕೊಂಡು, ‘ಇದರ ಬಾಲ ಸ್ವಲ್ಪ ಉದ್ದ ಆಯ್ತಲ್ಲ’ ಎಂದರು. ಗೋಣಿ ಆಗಲೇ ಒಬ್ಬರ ತಲೆಯೇರಿ ಬಾಗಿಲು ದಾಟಿತ್ತು.